ಹೆಸರು ಕೊಟ್ಟವರು 38, ಬರುವವರು 5: ಬಡಾವಣೆಯ ತೋಟವನ್ನು ನಡೆಸುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಒಬ್ಬರು ತಮ್ಮ 40×60 ಖಾಲಿ ಸೈಟನ್ನು ತರಕಾರಿ ಬೆಳೆಯಲು ಬಿಟ್ಟುಕೊಟ್ಟಿದ್ದಾರೆ. ಹೋದ ಜೂನ್‌ನಲ್ಲಿ ಶುರು ಮಾಡಿದಾಗ 38 ಮಂದಿ ಹೆಸರು ಕೊಟ್ಟರು. 4 ಅಡಿ ಅಗಲ, 12 ಅಡಿ ಉದ್ದದ 18 ಮಡಿ ಮಾಡಿದೆವು. ದೀಪಾವಳಿ ಹೊತ್ತಿಗೆ ಹತ್ತು ಜನ ಉಳಿದರು, ಈಗ ಫೆಬ್ರವರಿಯಲ್ಲಿ ಐದೇ ಜನ. ಮೈ ಬಗ್ಗಿಸುವವರು ಒಬ್ಬರು, ಬೆಂಡೆಕಾಯಿ ಕಿತ್ತುಕೊಂಡು ಹೋಗುವವರು ಇನ್ನೊಬ್ಬರು ಅಂತ ಮನಸ್ತಾಪ ಬೇರೆ. ಮಾಲಿ ಇಡೋಣ ಅಂತ ಕೆಲವರು, ಮುಚ್ಚಿಬಿಡೋಣ ಅಂತ ಕೆಲವರು. ಏನು ಮಾಡಬೇಕು?

ಉತ್ತರ: ಮುಚ್ಚಬೇಡಿ, ಆದರೆ ಅರ್ಧಕ್ಕಿಂತ ಹೆಚ್ಚು ಮಡಿಗಳನ್ನು ಈ ವಾರವೇ ನಿಲ್ಲಿಸಿ. ನಿಮ್ಮ ತೋಟದಲ್ಲಿ ಜನ ಕಡಿಮೆಯಾದರು ಅನ್ನುವುದಕ್ಕಿಂತ, ಇದ್ದ ಜನಕ್ಕೆ ಮಡಿ ಹೆಚ್ಚಾಯಿತು ಅನ್ನುವುದು ಸರಿ. ಜೂನ್ 5ರ ಪರಿಸರ ದಿನದ ಉಮೇದಿನಲ್ಲಿ ಜಾಗ ಎಷ್ಟಿದೆಯೋ ಅಷ್ಟೂ ಅಗೆಯುವುದು ಬಹುತೇಕ ಎಲ್ಲ ತೋಟಗಳೂ ಮಾಡುವ ತಪ್ಪು. ಆಗ ಮಳೆ ಇರುತ್ತದೆ, ಮಣ್ಣು ಮೆತ್ತಗಿರುತ್ತದೆ, ನೀರು ಹಾಕುವ ಕೆಲಸವೇ ಇರುವುದಿಲ್ಲ. ನಿಜವಾದ ಲೆಕ್ಕ ಗೊತ್ತಾಗುವುದು ಜನವರಿ ದಾಟಿದ ಮೇಲೆ.

ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. 18 ಮಡಿ ಅಂದರೆ 864 ಚದರಡಿ, ಸುಮಾರು 80 ಚದರ ಮೀಟರ್. ಬೇಸಿಗೆಯಲ್ಲಿ ತರಕಾರಿಗೆ ದಿನಕ್ಕೆ ಹತ್ತಿರಹತ್ತಿರ 5 ಮಿ.ಮೀ. ನೀರು ಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರು ಅಂದರೆ ಒಂದು ಲೀಟರ್. ಹಾಗಾಗಿ ದಿನಕ್ಕೆ 400 ಲೀಟರ್. ಪೈಪಿನಲ್ಲಿ ಹಾಕಿದರೂ ಅರ್ಧ ಗಂಟೆ, ವಾರಕ್ಕೆ ಸುಮಾರು ನಾಲ್ಕು ಗಂಟೆ. ಮಡಿಗೆ ಕಾಲು ಗಂಟೆಯಂತೆ ಕಳೆ ಕೀಳಲು ನಾಲ್ಕೂವರೆ ಗಂಟೆ. ಕೊಯ್ದು ಹಂಚಲು ಮೂರು, ಬಿತ್ತನೆ ಮತ್ತು ಮಡಿ ಹದ ಮಾಡಲು ಮೂರು, ಗೊಬ್ಬರಕ್ಕೆ ಎರಡು, ಕಡ್ಡಿ ಕಟ್ಟುವುದು, ಹುಳು ನೋಡುವುದು ಒಂದೂವರೆ, ಲೆಕ್ಕ ಮತ್ತು ಖರೀದಿಗೆ ಒಂದು. ಕೂಡಿದರೆ 19. ಅಂದರೆ ಮಡಿಗೆ ವಾರಕ್ಕೆ ಒಂದು ಗಂಟೆ. ಡ್ರಿಪ್ ಹಾಕಿದರೆ, ಮಣ್ಣಿಗೆ ಹೊದಿಕೆ ಹಾಕಿದರೆ ಇದು ಮುಕ್ಕಾಲು ಗಂಟೆಗೆ ಇಳಿಯಬಹುದು, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಮನೆ, ಕೆಲಸ ಇರುವವರು ವಾರಕ್ಕೆ ಎರಡು ಗಂಟೆ ಕೊಟ್ಟರೆ ದೊಡ್ಡದು. ಐದು ಜನಕ್ಕೆ ಹತ್ತು ಗಂಟೆ. ಜ್ವರ, ಮದುವೆ, ಆಫೀಸು ಅಂತ ಐದನೇ ಒಂದು ಪಾಲು ಕಳೆಯಿರಿ. ಎಂಟು ಗಂಟೆ ಉಳಿಯಿತು. ಎಂಟು ಮಡಿ ಇಟ್ಟುಕೊಳ್ಳಿ. ಈ ಐದು ಜನ ಈಗ ಹದಿನೆಂಟು ಮಡಿಯನ್ನು ಎಳೆಯುತ್ತಿದ್ದಾರೆ. ಇನ್ನೊಂದು ತಿಂಗಳು ಹೀಗೇ ಹೋದರೆ ಇವರೂ ಉಳಿಯುವುದಿಲ್ಲ.

ನಿಲ್ಲಿಸುವ ಹತ್ತು ಮಡಿಗಳನ್ನು ಸುಮ್ಮನೆ ಬಿಟ್ಟರೆ ಮೇ ಮಳೆಗೆ ಪಾರ್ಥೇನಿಯಂ ಎದ್ದು ನಿಲ್ಲುತ್ತದೆ, ಅದನ್ನು ನೋಡಿ ಹಾದುಹೋಗುವವರು ಕಸದ ಕವರ್ ಎಸೆಯಲು ಶುರು ಮಾಡುತ್ತಾರೆ. ಆದ್ದರಿಂದ ಮುಚ್ಚಿ. ಗಿಡಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ಬೇರು ಮಣ್ಣಿನಲ್ಲೇ ಇರಲಿ. ಟೊಮೆಟೊ, ಬೆಂಡೆಯ ಬೇರಿನಲ್ಲಿ ಗಂಟುಗಂಟು ಕಂಡರೆ ಮಾತ್ರ ಕಿತ್ತು ಹೊರಗೆ ಹಾಕಿ, ಗೊಬ್ಬರದ ಗುಂಡಿಗೆ ಸೇರಿಸಬೇಡಿ. ಮಣ್ಣು ಚೆನ್ನಾಗಿ ನೆನೆಸಿ, ಟೇಪು ಕಿತ್ತ ರಟ್ಟಿನ ಡಬ್ಬಗಳನ್ನು ಬಿಚ್ಚಿ ಒಂದರ ಮೇಲೊಂದು ಸ್ವಲ್ಪ ಏರುವಂತೆ ಹಾಸಿ, ಮೇಲೆ ಆರು ಇಂಚು ಒಣ ಎಲೆ ಹಾಕಿ ಮತ್ತೆ ನೀರು ಚಿಮುಕಿಸಿ. ಹೊಂಗೆ ಎಲೆ ಉದುರುವ ಕಾಲ ಇದೇ, ಬೀದಿ ಗುಡಿಸುವವರನ್ನು ಕೇಳಿದರೆ ಮೂಟೆಗಟ್ಟಲೆ ಸಿಗುತ್ತದೆ. ಗೆದ್ದಲು ಇರುವ ಜಾಗವಾದರೆ ರಟ್ಟು ಬೇಡ, ಎಲೆ ಮಾತ್ರ ಸಾಕು. ವಾರಕ್ಕೊಮ್ಮೆ ಒದ್ದೆ ಮಾಡುವುದನ್ನು ಮರೆಯಬೇಡಿ, ಒಣ ಎಲೆಗೆ ಯಾರೋ ಎಸೆದ ಬೀಡಿ ತುಂಡು ಸಾಕು.

ಮೇ ತಿಂಗಳ ಮಳೆ ಬಿದ್ದ ಮೇಲೆ ಇವುಗಳಲ್ಲಿ ನಾಲ್ಕೈದು ಮಡಿ ಬಿಚ್ಚಿ, ಹಸಿರೆಲೆ ಗೊಬ್ಬರಕ್ಕೆಂದು ಮಡಿಗೆ 25 ಗ್ರಾಂನಂತೆ ಅಪ್ಸೆಣಬಿನ ಬೀಜ ಚೆಲ್ಲಿ. 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿದರೆ ಎರಡು ವಾರ ಕಳೆದು ಸಸಿ ನೆಡಬಹುದು.

ಇನ್ನು ಜನರ ವಿಷಯ. ಎಲ್ಲರೂ ಎಲ್ಲ ಕೆಲಸ ಮಾಡೋಣ ಅಂದ ತೋಟದಲ್ಲಿ ನೀರು ಹಾಕುವುದು ಯಾರ ಕೆಲಸವೂ ಆಗಿರುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ "ನಾಳೆ ಯಾರು ಬರ್ತೀರಾ?" ಅಂತ ಕೇಳಿದರೆ ಹನ್ನೆರಡು ಹೆಬ್ಬೆಟ್ಟು ಬೀಳುತ್ತವೆ, ಬೆಳಿಗ್ಗೆ ಗೇಟಿನ ಹತ್ತಿರ ಇಬ್ಬರು. ಹೆಬ್ಬೆಟ್ಟು ಒತ್ತಿದವರು ಸುಳ್ಳುಗಾರರಲ್ಲ, ಇನ್ನೂ ಹನ್ನೊಂದು ಜನ ಇದ್ದಾರಲ್ಲ ಅಂದುಕೊಂಡವರು, ಅಷ್ಟೆ. ಅದಕ್ಕೇ ಕೆಲಸವನ್ನು ಹೆಸರಿಗೆ ಹಚ್ಚಬೇಕು. ಗೇಟಿಗೆ ಒಂದು ಕಪ್ಪು ಹಲಗೆ ತಗುಲಿಸಿ, ಏಳು ದಿನ, ಏಳು ಹೆಸರು ಸೀಮೆಸುಣ್ಣದಲ್ಲಿ ಬರೆಯಿರಿ. ಐದೇ ಜನ ಇದ್ದರೆ ಇಬ್ಬರಿಗೆ ಎರಡೆರಡು ದಿನ. ಬರಲಾಗದಿದ್ದರೆ ಬದಲಿ ಹುಡುಕುವ ಹೊಣೆ ಹಲಗೆಯ ಮೇಲೆ ಹೆಸರಿರುವವರದು, ಸಂಚಾಲಕರದಲ್ಲ. ಈ ಒಂದು ನಿಯಮಕ್ಕೆ ಯಾರೂ ವಿನಾಯಿತಿ ಕೇಳಕೂಡದು.

ನೀರಿನ ಪಾಳಿಯವರಿಗೆ "ಚೆನ್ನಾಗಿ ಹಾಕಿ" ಅಂದರೆ ಆಗುವುದಿಲ್ಲ. ಎಷ್ಟು ಅಂತ ಹೇಳಬೇಕು. ನಿಮ್ಮ ಪೈಪಿನಲ್ಲಿ 10 ಲೀಟರ್ ಬಕೆಟ್ ತುಂಬಲು 40 ಸೆಕೆಂಡ್ ಹಿಡಿದರೆ, ನಿಮಿಷಕ್ಕೆ 15 ಲೀಟರ್ ಬರುತ್ತಿದೆ ಅಂತ ಅರ್ಥ. ಒಂದು ಮಡಿಗೆ ಬೇಕಾದ್ದು 22 ಲೀಟರ್. ಆದ್ದರಿಂದ ಹಲಗೆಯ ಮೇಲೆ ಬರೆಯಿರಿ: "ಮಡಿಗೆ ಒಂದೂವರೆ ನಿಮಿಷ, ಬುಡಕ್ಕೆ, ಬೆಳಿಗ್ಗೆ 8ರ ಒಳಗೆ." ಎಂಟು ಮಡಿಗೆ 12 ನಿಮಿಷ. ಆಫೀಸಿಗೆ ಹೋಗುವವರೂ ಒಪ್ಪಿಕೊಳ್ಳುವ ಕೆಲಸ ಇದು. ಎಲೆಗೆ ಚಿಮುಕಿಸಿ ಮೇಲ್ಮಣ್ಣು ಕಪ್ಪಾದ ಕೂಡಲೇ ಮುಂದಿನ ಮಡಿಗೆ ಹೋಗಿಬಿಡುವುದು ಸಾಮಾನ್ಯ ತಪ್ಪು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಲು ಕಲಿಸಿ. ಅಲ್ಲಿ ತಂಪಿದ್ದರೆ ಆ ದಿನ ನೀರು ಬೇಡ.

ನೀರು ಎಲ್ಲಿಂದ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿದ್ದು ನೆನಪಿರಬಹುದು. ಬರದ ವರ್ಷ ಅದೇ ಮತ್ತೆ ಬರಬಹುದು, ಆಗ ಪಕ್ಕದ ಮನೆಯವರ ನಲ್ಲಿಯಿಂದ ಪೈಪು ಎಳೆದಿದ್ದರೆ ಮುಜುಗರ ಅವರಿಗೆ. ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರು, ಅಂದರೆ ಶುದ್ಧೀಕರಿಸಿದ ಕೊಳಚೆ ನೀರು ಸಿಕ್ಕರೆ ಬೆಂಡೆ, ಹೀರೆ, ಅಲಸಂದೆಯಂಥವಕ್ಕೆ ಬುಡದಲ್ಲಿ ಮಾತ್ರ ಬಿಡಿ. ಸೊಪ್ಪಿಗೆ, ಹಸಿಯಾಗಿ ತಿನ್ನುವ ಮೂಲಂಗಿ, ಸೌತೆಗೆ ಬೇಡ. ಪಕ್ಕದ ತಾರಸಿಯ ಮಳೆನೀರು ಇನ್ನೂ ಒಳ್ಳೆಯದು: 100 ಚದರ ಮೀಟರ್ ತಾರಸಿಗೆ 20 ಮಿ.ಮೀ. ಮಳೆ ಬಿದ್ದರೆ ಸೋರಿ ಹೋದದ್ದು ಕಳೆದು 1,600 ಲೀಟರ್ ಸಿಗುತ್ತದೆ, ಎಂಟು ಮಡಿಗೆ ಎಂಟೊಂಬತ್ತು ದಿನ.

ಡ್ರಿಪ್ ಹಾಕುವುದಾದರೆ 16 ಮಿ.ಮೀ. ಪೈಪು, 30 ಸೆಂ.ಮೀ.ಗೊಂದು ತೂತು, ಗಂಟೆಗೆ 2 ಲೀಟರಿನದು ತನ್ನಿ. ಮಡಿಗೆ ಮೂರು ಸಾಲು. 36 ತೂತಿಗೆ ಗಂಟೆಗೆ 72 ಲೀಟರ್, ಇಪ್ಪತ್ತು ನಿಮಿಷ ಬಿಟ್ಟರೆ ದಿನದ ನೀರು ಮುಗಿಯಿತು. ಡ್ರಮ್ಮನ್ನು ನಾಲ್ಕು ಸಿಮೆಂಟ್ ಇಟ್ಟಿಗೆ ಮೇಲಿಟ್ಟು ಡ್ರಿಪ್ ನಡೆಸುವ ಪ್ರಯತ್ನ ಬೇಡ. ಅಷ್ಟು ಎತ್ತರಕ್ಕೆ ಒತ್ತಡವೇ ಸಾಲದು, ಹತ್ತಿರದ ಗಿಡ ಕೊಳೆಯುತ್ತದೆ, ಕೊನೆಯ ಗಿಡ ಒಣಗುತ್ತದೆ. ಬೋರ್‌ವೆಲ್ ನೀರಾದರೆ ಉಪ್ಪು ಕಟ್ಟಿ ತೂತು ಮುಚ್ಚಿಕೊಳ್ಳುತ್ತದೆ. ಫಿಲ್ಟರಿನ ಜಾಲರಿ ವಾರಕ್ಕೊಮ್ಮೆ ತೊಳೆಯುವುದು, ತಿಂಗಳಿಗೊಮ್ಮೆ ಪೈಪಿನ ಕೊನೆಯ ಮಡಿಕೆ ಬಿಚ್ಚಿ ನೀರು ಹರಿಯಬಿಡುವುದು ಕೂಡ ಒಬ್ಬರ ಹೆಸರಿನಲ್ಲಿರಬೇಕು.

ನೀರಿನ ಪಾಳಿ ಎಲ್ಲರಿಗೂ ಇರುತ್ತದೆ. ಉಳಿದ ಕೆಲಸಗಳನ್ನು ಮಡಿ, ಗೊಬ್ಬರ, ಬೀಗ ಮತ್ತು ಸಾಮಾನು, ಲೆಕ್ಕ ಮತ್ತು ಹಂಚಿಕೆ ಅಂತ ನಾಲ್ಕು ಭಾಗ ಮಾಡಿ, ಒಂದೊಂದಕ್ಕೆ ಒಬ್ಬರನ್ನು ನೇಮಿಸಿ. ಜನ ಹೆಚ್ಚಾದಾಗ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. ನಾಲ್ಕು ತಿಂಗಳಿಗೊಮ್ಮೆ ಬದಲಾಗಲಿ. ಅಂತ್ಯ ಗೊತ್ತಿರುವ ಹೊಣೆಯನ್ನು ಜನ ಒಪ್ಪಿಕೊಳ್ಳುತ್ತಾರೆ, "ನೀವೇ ನೋಡ್ಕೊಳ್ಳಿ" ಅಂದರೆ ತಪ್ಪಿಸಿಕೊಳ್ಳುತ್ತಾರೆ. ಸಾಮಾನಿನ ಹೊಣೆ ಸಣ್ಣದೆಂದು ಕಾಣಬಹುದು. ಎರಡು ಗುದ್ದಲಿ, ಒಂದು ಹಾರೆ, ಎರಡು ಸಲಿಕೆ, ಆರು ಕುರ್ಪಿ, ನಾಲ್ಕು ಬಾಂಡ್ಲಿ ಇಷ್ಟರ ಚಿತ್ರವನ್ನು ಶೆಡ್ಡಿನ ಗೋಡೆಗೆ ಬಣ್ಣದಲ್ಲಿ ಬರೆದು ಆಯಾ ಮೊಳೆಗೆ ನೇತುಹಾಕಿ. ಯಾವುದು ಮನೆಗೆ ಹೋಯಿತು ಅಂತ ಖಾಲಿ ಚಿತ್ರವೇ ಹೇಳುತ್ತದೆ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಇನ್ನೊಂದು ಮಾತು ಸ್ವಲ್ಪ ಚುಚ್ಚಬಹುದು. ಜನ ಬಿಟ್ಟುಹೋದ ತೋಟಗಳಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಹೆಚ್ಚು ದುಡಿಯುವ, ಎಲ್ಲರಿಗಿಂತ ಹೆಚ್ಚು ತಿಳಿದ ಒಬ್ಬರು ಇರುತ್ತಾರೆ. ಹೊಸಬರು ಮೂಲಂಗಿ ಸಾಲಿನಲ್ಲಿ ಎಳೆ ಗಿಡ ತೆಳು ಮಾಡಿ ಎದ್ದ ಕೂಡಲೇ ಇವರು ಬಂದು ಅದೇ ಸಾಲಿನಲ್ಲಿ ಕೂತು ಇನ್ನೊಮ್ಮೆ ತೆಳು ಮಾಡುತ್ತಾರೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಹೊಸಬರು ಮುಂದಿನ ಭಾನುವಾರ ಬರುವುದಿಲ್ಲ. ಅಂಥವರು ನಿಮ್ಮಲ್ಲಿದ್ದರೆ ಅವರಿಗೆ ಸಸಿಮಡಿ ಪೂರ್ತಿ ಬಿಟ್ಟುಕೊಡಿ, ಅದಕ್ಕೆ ಅವರಷ್ಟು ನಿಗಾ ಬೇಕೇ ಬೇಕು. ಬೇರೆಯವರ ಮಡಿಯಲ್ಲಿ, ಕೇಳದೆ ಕೈ ಹಾಕುವಂತಿಲ್ಲ ಅಂತ ಒಪ್ಪಿಸಿ. ಮೂಲಂಗಿ ನಾಲ್ಕು ಸಣ್ಣದಾದರೆ ಆಗಲಿ.

ಹೊಸಬರಿಗೆ ಮೊದಲ ದಿನವೇ ಕಳೆ ಕೀಳಲು ಕೊಡಬೇಡಿ. ನಲ್ಲಿ, ಬೀಗ, ಸಾಮಾನು ಎಲ್ಲಿವೆ ಅಂತ ತೋರಿಸಿ, ದಂಟಿನ ಬೀಜ ಬಿತ್ತಿಸಿ. ಒಂದು ಟೀ ಚಮಚ ಬೀಜಕ್ಕೆ ಎರಡು ಹಿಡಿ ಒಣ ಮರಳು ಕಲಸಿ, ಅರ್ಧ ಉದ್ದಕ್ಕೆ, ಉಳಿದರ್ಧ ಅಡ್ಡಕ್ಕೆ ಚೆಲ್ಲಿದರೆ ಒಂದು ಮಡಿಗೆ ಸಮನಾಗಿ ಬೀಳುತ್ತದೆ. ಮೇಲೆ ಕಾಲು ಇಂಚಿಗಿಂತ ಹೆಚ್ಚು ಮಣ್ಣು ಬೇಡ. ಇರುವೆ ಹೊತ್ತೊಯ್ಯದಂತೆ ಅಂಚಿಗೆ ಬೂದಿ ಉದುರಿಸಿ. ನಾಲ್ಕೈದು ದಿನಕ್ಕೆ ಕೆಂಪು ಮೊಳಕೆ, 25-30 ದಿನಕ್ಕೆ ಸಾರಿಗೆ ಸೊಪ್ಪು. ತಾವು ಬಿತ್ತಿದ್ದು ಹುಟ್ಟಿತೋ ಇಲ್ಲವೋ ನೋಡಲು ಅವರು ಮಧ್ಯದಲ್ಲಿ ಎರಡು ಸಲ ಬಂದೇ ಬರುತ್ತಾರೆ.

ಬೆಂಡೆಕಾಯಿ ಜಗಳಕ್ಕೆ ಬರೋಣ. ಪ್ರಪಂಚದಲ್ಲಿ ಇದಕ್ಕೆ ಎರಡು ದಾರಿ ಇವೆ. ಬ್ರಿಟನ್ನಿನಲ್ಲಿ ಹೆಚ್ಚಾಗಿ ತುಂಡು ಹಂಚಿಕೆ: 1908ರ ಕಾಯಿದೆಯ ಕಾಲದಿಂದ ಸ್ಥಳೀಯ ಆಡಳಿತಗಳು ಕುಟುಂಬಕ್ಕೊಂದು ತುಂಡು ನೆಲ ಬಾಡಿಗೆಗೆ ಕೊಡುತ್ತವೆ, ಪೂರ್ಣ ಅಳತೆ ಸುಮಾರು 250 ಚದರ ಮೀಟರ್, ಅಂದರೆ ನಿಮ್ಮ ಇಡೀ ಸೈಟಿಗಿಂತ ದೊಡ್ಡದು. ಸಾಗುವಳಿ ಮಾಡದಿದ್ದರೆ ನೋಟಿಸು, ಆಮೇಲೆ ಸರದಿಯಲ್ಲಿ ಕಾಯುವವರಿಗೆ. ಇನ್ನೊಂದು, ಎಲ್ಲವನ್ನೂ ಒಟ್ಟಿಗೆ ಬೆಳೆದು ಹಂಚಿಕೊಳ್ಳುವುದು. ನಿಮ್ಮ ಅಳತೆಗೆ ಬೆರಕೆಯೇ ಸರಿ. ಸೊಪ್ಪಿನ ಮಡಿಗಳು ಸ್ವಂತ, ಮನೆಗೊಂದು ಅಥವಾ ಅರ್ಧ. ಬೆಂಡೆ, ಹೀರೆ, ಅಲಸಂದೆಯಂಥ ಎರಡು-ಮೂರು ದಿನಕ್ಕೊಮ್ಮೆ ಕೊಯ್ಯಬೇಕಾದವು ಸಾಮಾನ್ಯ, ಅಂದರೆ ಎಲ್ಲರಿಗೂ ಸೇರಿದ್ದು. ಸೊಪ್ಪಿನಲ್ಲಿ ಯಾರು ದುಡಿದರು ಅನ್ನುವುದು ಮಡಿ ನೋಡಿದರೇ ಕಾಣುತ್ತದೆ. ಬೆಂಡೆಯನ್ನು ಮೂರು ದಿನಕ್ಕಿಂತ ಹೆಚ್ಚು ಬಿಟ್ಟರೆ ನಾರಾಗಿ, ಹೊಸ ಕಾಯಿಯೂ ಕಡಿಮೆಯಾಗುತ್ತದೆ, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಸಾಮಾನ್ಯ ಮಡಿಗಳಿಗೆ ಹೀಗೆ ಬರೆದಿಡಿ: ಕೊಯ್ಯುವುದು ಮಂಗಳವಾರ, ಗುರುವಾರ, ಭಾನುವಾರ, ಬೆಳಿಗ್ಗೆ ಏಳಕ್ಕೆ, ಇಬ್ಬರಾದರೂ ಇದ್ದಾಗ. ತೂಗಿ ಪುಸ್ತಕದಲ್ಲಿ ಬರೆದು, ಆ ವಾರ ಪಾಳಿ ಮಾಡಿದವರಿಗೆ ಪಾಲು. ಬರದವರಿಗೆ ಇಲ್ಲ, ಅಧ್ಯಕ್ಷರಾದರೂ ಇಲ್ಲ. ಹುಷಾರಿಲ್ಲದ ಹಳೆಯ ಸ್ವಯಂಸೇವಕರ ಮನೆಗೆ ಕಳಿಸುವುದು ಬೇರೆ, ಅದು ಕೊಟ್ಟದ್ದು, ಪಾಲಲ್ಲ. ಕೈಯಲ್ಲಿ ನೇತುಹಾಕಿ ತೂಗುವ ಸಣ್ಣ ತಕ್ಕಡಿ ಸಾಕು. ಅಲಸಂದೆ 350 ಗ್ರಾಂ ಅಂತ ಬರೆಯುವುದು ಮೊದಲಿಗೆ ನಗೆ ತರಿಸಬಹುದು, ಆದರೆ "ಅವರು ಚೀಲ ತುಂಬಾ ಒಯ್ದರು" ಅನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

ತಪ್ಪಿದವರಿಗೆ ಏನು ಶಿಕ್ಷೆ? ಮೊದಲ ಸಲ ಒಬ್ಬರು ಮನೆಗೆ ಹೋಗಿ ಮಾತನಾಡಿಸಲಿ, ಗುಂಪಿನಲ್ಲಿ ಬರೆಯಬೇಡಿ. ಎರಡನೇ ಸಲ ಆ ವಾರದ ಪಾಲಿಲ್ಲ. ಮೂರು ಪಾಳಿ ಹೇಳದೆ ತಪ್ಪಿದರೆ ಮಡಿ ಬೇರೆಯವರಿಗೆ, ಬೇಕಾದಾಗ ಮತ್ತೆ ಸರದಿಗೆ ಬರಬಹುದು. ಊರೊಟ್ಟಿನ ಕೆರೆ, ಕಾಡು, ಮೀನುಗಾರಿಕೆಗಳನ್ನು ಜನ ಹೇಗೆ ಕಾಪಾಡಿಕೊಂಡರು ಅಂತ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಕಂಡುಕೊಂಡದ್ದರಲ್ಲಿ ಇದೂ ಒಂದು: ಬಹುಕಾಲ ಉಳಿದ ವ್ಯವಸ್ಥೆಗಳಲ್ಲಿ ದಂಡ ಮೆತ್ತಗೆ ಶುರುವಾಗಿ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆ, ಮತ್ತು ನಿಗಾ ಇಡುವವರು ಹೊರಗಿನವರಲ್ಲ.

ಹೊರಗಿನವರು ಕೀಳುವುದು ಬೇರೆ ಸಮಸ್ಯೆ. ಬೆಳಿಗ್ಗೆ ಐದೂವರೆಗೆ ಪ್ಲಾಸ್ಟಿಕ್ ಕವರು, ಕೊಕ್ಕೆ ಕೋಲು ಹಿಡಿದು ಪೂಜೆಗೆ ಹೂ ಕೀಳುವವರ ಜೊತೆ ಜಗಳಕ್ಕೆ ಇಳಿದು ಗೆದ್ದ ತೋಟ ಇಲ್ಲ. ಬೇಲಿಯ ಹೊರಗೆ ನಾಲ್ಕು ದಾಸವಾಳ, ಎರಡು ನಂದಿಬಟ್ಟಲು, ಒಂದು ಕರಿಬೇವು ಹಾಕಿ, "ಇದು ಎಲ್ಲರಿಗೂ" ಅಂತ ಬರೆದುಬಿಡಿ. ಒಳಗೆ ಕೈ ಹಾಕುವುದು ಬಹಳ ಕಡಿಮೆಯಾಗುತ್ತದೆ, ಅವರಲ್ಲೇ ಒಬ್ಬಿಬ್ಬರು ಪಾಳಿಗೂ ಬರುತ್ತಾರೆ. ಕಣಗಿಲೆ ಮಾತ್ರ ಬೇಡ, ಅದರ ಎಲೆ, ಹೂ, ಕಾಂಡ ಎಲ್ಲ ವಿಷ, ಮಕ್ಕಳು ಓಡಾಡುವ ಜಾಗ.

ಮಾಲಿ ಬೇಕೇ? ದಿನಾ ಬರುವ ಮಾಲಿ ಬಂದ ತಿಂಗಳಿಗೆ ಉಳಿದ ಐದು ಜನವೂ ಗೇಟಿನ ಹೊರಗೆ ನಿಂತು ಸೂಚನೆ ಕೊಡುವವರಾಗುತ್ತಾರೆ. ಸಂಬಳಕ್ಕೆ ವಂತಿಗೆ, ವಂತಿಗೆ ಕೊಟ್ಟವರಿಗೆ ತರಕಾರಿ, ಕೊನೆಗೆ ಅದು ದುಬಾರಿ ತರಕಾರಿ ಅಂಗಡಿ. ಭಾರದ ಕೆಲಸಕ್ಕೆ ಮಾತ್ರ ಕೂಲಿ ಕೊಡಿ: ವರ್ಷಕ್ಕೆರಡು ಸಲ ಮಡಿ ಅಗೆಯುವುದು, ಲೋಡು ಗೊಬ್ಬರ ಇಳಿಸುವುದು, ಚಪ್ಪರ ಕಟ್ಟುವುದು. ಅದಕ್ಕೆ ಬಂದವರ ಜೊತೆ ಇಬ್ಬರು ನಿಂತು ನೋಡಿದರೆ ಗುದ್ದಲಿ ಹಿಡಿಯುವುದು ಹೇಗೆ ಅನ್ನುವುದೂ ಕಲಿತಂತಾಯಿತು.

ಇಂಥ ತೋಟಗಳ ಮೇಲೆ ಬರುವ ದೂರು ಹೆಚ್ಚಾಗಿ ಗೊಬ್ಬರದ ಮೂಲೆಯ ಬಗ್ಗೆ, ಮೊದಲ ದೂರು ವಾಸನೆಯದು. ಜಾಲರಿಯ 4 ಅಡಿ ಚೌಕ, 4 ಅಡಿ ಎತ್ತರದ ಗೂಡು ಮಾಡಿ, ಪಕ್ಕದ ಮನೆ ಕಾಂಪೌಂಡಿನಿಂದ ದೂರದ ಮೂಲೆಗೆ. ಒಂದು ಬಕೆಟ್ ಹಸಿಕಸಕ್ಕೆ ಎರಡರಿಂದ ಮೂರು ಬಕೆಟ್ ಒಣ ಎಲೆ, ಮಧ್ಯೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ. ಕೊನೆಯ ಪದರ ಯಾವಾಗಲೂ ಒಣ ಎಲೆ. ಮೂಗಿಗೆ ಘಾಟು ಹೊಡೆದರೆ ಹಸಿಕಸ ಹೆಚ್ಚಾಗಿದೆ, ಎಲೆ ಸೇರಿಸಿ. ಕೊಳೆತ ಮೊಟ್ಟೆ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಆಡುತ್ತಿಲ್ಲ, ತಿರುವಿ ಹಾಕಿ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆಯಾಗಬಾರದು. ಅನ್ನ, ಮಾಂಸ, ಎಣ್ಣೆ ತಿಂಡಿ ಬೇಡ. ಇಲಿ ಬರುತ್ತದೆ, ಇಲಿಯ ಹಿಂದೆ ನಾಗರಹಾವು ಬರುತ್ತದೆ. ಗೂಡಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟುವುದು, ಬೂಟು ಹಾಕುವುದು ಎಲ್ಲರಿಗೂ ಕಡ್ಡಾಯ. ಖಾಲಿ ಸೈಟಿನ ಮಣ್ಣಿನಲ್ಲಿ ಗಾಜು, ಮೊಳೆ ಇದ್ದೇ ಇರುತ್ತವೆ, ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿಕೊಂಡಿದ್ದಾರೋ ಇಲ್ಲವೋ ಎಲ್ಲರನ್ನೂ ಕೇಳಿ. ನೀರಿನ ಡ್ರಮ್ಮು ಬಿಗಿಯಾಗಿ ಮುಚ್ಚಿರಲಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೆ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು.

ಕಾಗದದ ಕೆಲಸ ಸ್ವಲ್ಪವೇ. ಸೈಟಿನ ಮಾಲೀಕರಿಂದ ಎಷ್ಟು ಕಾಲಕ್ಕೆ, ಬಿಡಬೇಕಾದಾಗ ಎಷ್ಟು ತಿಂಗಳ ಮುಂಚೆ ತಿಳಿಸುತ್ತಾರೆ ಅಂತ ಒಂದು ಪತ್ರ ಬರೆಸಿಕೊಳ್ಳಿ. ಮಾವು, ತೆಂಗು ನೆಡಬೇಡಿ, ಮರ ಕಂಡರೆ ಮಾಲೀಕರಿಗೆ ಜಾಗ ಹೋಯಿತೇನೋ ಅನ್ನುವ ಅಳುಕು. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರಡಿ ಏಳು ಜನ ಸೇರಿ ಸಂಘ ಮಾಡಬಹುದು, ಆದರೆ ಎಂಟು ಮಡಿಗೆ ಅದರ ಅಗತ್ಯವಿಲ್ಲ. ಬಡಾವಣೆಯ ಸಂಘ ಈಗಾಗಲೇ ನೋಂದಾಯಿತವಾಗಿದ್ದರೆ ಅದರ ಉಪಸಮಿತಿಯಾಗಿ ನಡಾವಳಿಯಲ್ಲಿ ಬರೆಸಿದರೆ ಸಾಕು. ಮುಂದೆ ಯಾರಾದರೂ ಪಾರ್ಕಿನಲ್ಲೇ ಬೆಳೆಯೋಣ ಅಂದರೆ ಎಚ್ಚರ: ಅಲ್ಲಿ 1985ರ ಉದ್ಯಾನ ಮತ್ತು ಬಯಲು ಜಾಗಗಳ ಕಾಯಿದೆ ಇದೆ, ಲಿಖಿತ ಅನುಮತಿ ಇಲ್ಲದೆ ಗುದ್ದಲಿ ಹಾಕಬಾರದು.

ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ, ಏಪ್ರಿಲ್-ಮೇನಲ್ಲಿ ಊರಿಗೆ ಹೋಗುವವರು. ನೀರು ಹೆಚ್ಚು ಬೇಕಾದಾಗಲೇ ಜನ ಕಡಿಮೆ. ಹಾಗಾಗಿ ಆ ಎಂಟು ಮಡಿಗಳಲ್ಲೂ ಬಿಸಿಲು ತಡೆಯುವುದನ್ನೇ ಹಾಕಿ: ದಂಟು, ಬಸಳೆ, ಬೆಂಡೆ, ಗೋರಿಕಾಯಿ, ಅಲಸಂದೆ. ಬೆಂಡೆಯಲ್ಲಿ ಹಳದಿ ನಂಜು ರೋಗ ತಡೆಯಲೆಂದು ರೂಪಿಸಿದ ಅರ್ಕಾ ಅನಾಮಿಕಾ ತಳಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು. ಕೊತ್ತಂಬರಿ, ಪಾಲಕ್ ಜೂನ್‌ವರೆಗೆ ಬೇಡ, ಸೆಕೆಗೆ ಬೇಗ ಹೂ ಬಿಟ್ಟುಬಿಡುತ್ತವೆ.

ಒಂಬತ್ತನೇ ಮಡಿ ಯಾವಾಗ ಬಿಚ್ಚಬೇಕು ಅನ್ನುವುದನ್ನೂ ಈಗಲೇ ಹಲಗೆಯ ಕೆಳಗೆ ಬರೆದಿಡಿ. ನಾಲ್ಕು ವಾರ ಸತತವಾಗಿ ಏಳೂ ದಿನದ ಹೆಸರಿನ ಮುಂದೆ ಗುರುತು ಬಿದ್ದಿರಬೇಕು, ಮತ್ತು ಆರನೆಯವರು ತಾವಾಗಿ ಬಂದು ಒಂದು ದಿನ ಕೇಳಿರಬೇಕು. ಎರಡರಲ್ಲಿ ಒಂದಾಗಿದ್ದರೆ ಇನ್ನೂ ಬೇಡ, ರಟ್ಟು ಹಾಗೇ ಇರಲಿ.